ನೋವೇ ಇಲ್ವಲ್ಲ, ಇನ್ಯಾಕೆ ಡಾಕ್ಟರು?

ನಮ್ಮ ದೊಡ್ಡಮ್ಮನಿಗೆ ಯುಗಾದಿ ದಿನ ಎಣ್ಣೆಸ್ನಾನ ಮಾಡುವಾಗ ಎಡಗಡೆ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಕೈಗೆ ಸಿಕ್ಕಿತು. ಅದನ್ನು ಅವರು ಡಾಕ್ಟರಿಗೆ ತೋರಿಸಿದ್ದು ದೀಪಾವಳಿ ಕಳೆದ ಮೇಲೆ. ನಡುವೆ ಏಳು ತಿಂಗಳು. ಆ ಏಳು ತಿಂಗಳಲ್ಲಿ ಮಗಳ ಮದುವೆ ಆಯಿತು, ಶುಂಠಿ ನಾಟಿ ಆಯಿತು, ಗೌರಿ ಹಬ್ಬಕ್ಕೆ ಬಾಗಿನ ಕೊಟ್ಟಿದ್ದಾಯಿತು. ಗಂಟು ಅಲ್ಲೇ ಇತ್ತು. ಯಾಕೆ ಹೇಳಲಿಲ್ಲ ಅಂತ ಕೇಳಿದ್ದಕ್ಕೆ, "ನೋವೇ ಇರ್ಲಿಲ್ವಲ್ಲ ಕಣೇ, ಹಾಲಿನ ಗಂಟು ಅಂದ್ಕೊಂಡೆ" ಅಂದರು. ಕೊನೆಯ ಮಗುವಿಗೆ ಹಾಲು ಬಿಡಿಸಿ ಇಪ್ಪತ್ತನಾಲ್ಕು ವರ್ಷ ಆಗಿತ್ತು!

ಅದು ಸ್ತನ ಕ್ಯಾನ್ಸರ್ ಆಗಿತ್ತು. ದೊಡ್ಡಮ್ಮ ಈಗ ಆರಾಮಾಗಿದ್ದಾರೆ. ಆದರೆ ಏಳು ತಿಂಗಳಲ್ಲಿ ಗಂಟು ನಿಂಬೆಹಣ್ಣಿನಷ್ಟಾಗಿ ಕಂಕುಳಿಗೂ ಹೋಗಿತ್ತು. ಬರೀ ಆಪರೇಷನ್, ರೇಡಿಯೇಷನ್‌ನಲ್ಲಿ ಮುಗಿಯಬಹುದಿದ್ದ ಕೆಲಸಕ್ಕೆ ಕೀಮೋ ಕೂಡ ಸೇರಿಕೊಂಡಿತು. ಅವರ ಜೊತೆ ಆಸ್ಪತ್ರೆಯ ಬೆಂಚುಗಳ ಮೇಲೆ ಕೂತು ಕೂತು ನಾನು ಕಲಿತಿದ್ದು, ಆಮೇಲೆ ಓದಿ ತಿಳಿದುಕೊಂಡಿದ್ದು ಎರಡನ್ನೂ ಇಲ್ಲಿ ಬರೀತಿದ್ದೀನಿ.

ಮೊದಲು ಒಂದು ಲೆಕ್ಕ. 2022ರಲ್ಲಿ ಭಾರತದಲ್ಲಿ ಸುಮಾರು 1 ಲಕ್ಷ 92 ಸಾವಿರ ಹೆಂಗಸರಿಗೆ ಸ್ತನ ಕ್ಯಾನ್ಸರ್ ಪತ್ತೆಯಾಯಿತು, ಅದೇ ವರ್ಷ ಸುಮಾರು 98 ಸಾವಿರ ಜನ ಇದರಿಂದ ತೀರಿಕೊಂಡರು. ಅಮೆರಿಕದಲ್ಲಿ ಪತ್ತೆಯಾಗುವವರು ನಮಗಿಂತ ಜಾಸ್ತಿ, ಸಾಯುವವರು ನಮ್ಮ ಅರ್ಧಕ್ಕೂ ಕಡಿಮೆ. ಅಲ್ಲಿ ಔಷಧಿ ಚೆನ್ನಾಗಿ ಸಿಗುತ್ತೆ ಅನ್ನೋದು ಒಂದು ಕಾರಣ. ಆದರೆ ದೊಡ್ಡ ಕಾರಣ, ನಮ್ಮಲ್ಲಿ ಆಸ್ಪತ್ರೆಗೆ ಬರುವ ಹೊತ್ತಿಗೇ ತಡ ಆಗಿರುತ್ತೆ. ನಮ್ಮ ದೇಶದಲ್ಲಿ ಇದು ಕಾಣಿಸಿಕೊಳ್ಳುವ ವಯಸ್ಸು ಕೂಡ ಪಾಶ್ಚಾತ್ಯ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮುಂಚೆ. ಹಾಗಾಗಿ "ಇದು ವಯಸ್ಸಾದವರ ಕಾಯಿಲೆ" ಅನ್ನುವ ಸಮಾಧಾನವೂ ನಮಗಿಲ್ಲ.

ಇದು ಶುರುವಾಗೋದು ಹೇಗೆ? ಸ್ತನದ ಒಳಗೆ ಹಾಲು ತಯಾರಾಗುವ ಪುಟ್ಟ ಪುಟ್ಟ ಚೀಲಗಳಿವೆ, ದ್ರಾಕ್ಷಿ ಗೊಂಚಲಿನ ಥರ. ಅಲ್ಲಿಂದ ತೊಟ್ಟಿಗೆ ಹಾಲು ತರುವ ಸಣ್ಣ ನಾಳಗಳಿವೆ. ಉಳಿದ ಜಾಗ ತುಂಬಿರೋದು ಕೊಬ್ಬು ಮತ್ತು ನಾರು. ಬಹುತೇಕ ಸ್ತನ ಕ್ಯಾನ್ಸರ್ ಹುಟ್ಟೋದು ಆ ನಾಳಗಳ ಒಳಪದರದ ಜೀವಕೋಶಗಳಲ್ಲಿ. ಪ್ರತಿ ತಿಂಗಳು ಮುಟ್ಟಿನ ಚಕ್ರದಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನುಗಳು ಏರಿ ಇಳಿಯುತ್ತವೆ, ಆ ಜೀವಕೋಶಗಳಿಗೆ "ಬಸಿರು ನಿಲ್ಲಬಹುದು, ರೆಡಿಯಾಗಿ" ಅಂತ ಹೇಳುತ್ತವೆ. ಅವು ಒಂದು ಎರಡಾಗಿ ಬೆಳೆಯುತ್ತವೆ. ಬಸಿರು ನಿಲ್ಲದಿದ್ದರೆ ಸುಮ್ಮನಾಗುತ್ತವೆ. ಮುಂದಿನ ತಿಂಗಳು ಮತ್ತೆ ಅದೇ ಕಥೆ. ಪ್ರತಿ ಸಲ ಜೀವಕೋಶ ಒಡೆದು ಎರಡಾಗುವಾಗ ತನ್ನೊಳಗಿನ ಡಿಎನ್‌ಎಯನ್ನು ನಕಲು ಮಾಡಬೇಕು, ನಕಲು ಮಾಡುವಾಗ ಆಗೊಮ್ಮೆ ಈಗೊಮ್ಮೆ ತಪ್ಪಾಗುತ್ತೆ. ಹೆಚ್ಚಿನ ತಪ್ಪುಗಳನ್ನು ದೇಹವೇ ತಿದ್ದಿಕೊಳ್ಳುತ್ತೆ. ತಿದ್ದದೆ ಉಳಿದ ಕೆಲವು ತಪ್ಪುಗಳು ವರ್ಷಗಟ್ಟಲೆ ಒಂದೇ ಕಡೆ ಸೇರಿಕೊಂಡರೆ ಆ ಜೀವಕೋಶ ಯಾರ ಮಾತನ್ನೂ ಕೇಳದೆ ಬೆಳೆಯೋಕೆ ಶುರು ಮಾಡುತ್ತೆ.

ಇದು ಗೊತ್ತಾದರೆ ಡಾಕ್ಟರು ಕೇಳುವ ಪ್ರಶ್ನೆಗಳೆಲ್ಲ ಅರ್ಥ ಆಗುತ್ತವೆ. ಯಾವ ವಯಸ್ಸಿಗೆ ದೊಡ್ಡವಳಾದೆ, ಮೊದಲ ಹೆರಿಗೆ ಯಾವಾಗ, ಎಷ್ಟು ಮಕ್ಕಳು, ಎಷ್ಟು ಕಾಲ ಹಾಲು ಕೊಟ್ಟೆ, ಮುಟ್ಟು ನಿಂತಿದ್ದು ಯಾವಾಗ. ಅವರು ಲೆಕ್ಕ ಹಾಕುತ್ತಿರೋದು ನಿಮ್ಮ ಎದೆ ಎಷ್ಟು ವರ್ಷ ಈ ಹಾರ್ಮೋನಿನ ಏರಿಳಿತ ಕಂಡಿದೆ ಅಂತ. ನನ್ನ ಅಜ್ಜಿಗೆ ಎಂಟು ಹೆರಿಗೆ, ಒಂದೊಂದು ಮಗುವಿಗೂ ಎರಡು ವರ್ಷ ಹಾಲು. ಬಸುರಿ, ಬಾಣಂತಿಯಾಗಿದ್ದ ಆ ಕಾಲದಲ್ಲೆಲ್ಲ ಮುಟ್ಟು ಕಮ್ಮಿ. ನನ್ನಂಥವಳಿಗೆ ಹನ್ನೆರಡಕ್ಕೆ ಶುರುವಾಗಿ ಐವತ್ತಕ್ಕೆ ನಿಲ್ಲುತ್ತೆ ಅಂತ ಇಟ್ಟುಕೊಂಡರೂ ನಾನೂರಕ್ಕಿಂತ ಹೆಚ್ಚು ಸಲ ಮುಟ್ಟು. ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ 1700ರ ಆಸುಪಾಸಿನಲ್ಲೇ, ಮಕ್ಕಳನ್ನು ಹೆರದ ಮಠದ ಸನ್ಯಾಸಿನಿಯರಲ್ಲಿ ಸ್ತನ ಕ್ಯಾನ್ಸರ್ ಜಾಸ್ತಿ ಅಂತ ಗಮನಿಸಿ ಬರೆದಿಟ್ಟಿದ್ದ. ಹಾರ್ಮೋನು ಅನ್ನೋ ಪದವೇ ಆಗ ಹುಟ್ಟಿರಲಿಲ್ಲ.

ಹಾಗಂತ ಈಗ ಯಾರೂ ಎಂಟು ಮಕ್ಕಳು ಹೆರೋಕೆ ಹೋಗಲ್ಲ. ದೊಡ್ಡವಳಾದ ವಯಸ್ಸನ್ನು ಬದಲಿಸೋಕೂ ಆಗಲ್ಲ. ಇನ್ನೊಂದು ಮಾತನ್ನು ಇಲ್ಲೇ ಹೇಳಿಬಿಡಬೇಕು. ಈ ಕಾಯಿಲೆ ಬಂದವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹೆಣ್ಣಾಗಿ ಹುಟ್ಟಿದ್ದು, ನಲವತ್ತು ದಾಟಿದ್ದು ಬಿಟ್ಟರೆ ಬೇರೆ ಯಾವ ಕಾರಣವೂ ಸಿಗೋದಿಲ್ಲ. ದೊಡ್ಡಮ್ಮ ಕುಡಿದವರಲ್ಲ, ದಪ್ಪ ಇಲ್ಲ, ಮೂರು ಮಕ್ಕಳಿಗೂ ಹಾಲು ಕೊಟ್ಟವರು, ದಿನಾ ಹೊಲದಲ್ಲಿ ಬೆವರು ಸುರಿಸಿದವರು. ಅವರಿಗೂ ಬಂತು. ನೋಡೋಕೆ ಬಂದ ನೆಂಟರೊಬ್ಬರು ಹಾಸಿಗೆ ಪಕ್ಕ ಕೂತು "ಏನು ತಿಂದು ಬಂತೋ ಏನೋ" ಅಂದಾಗ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹಾಗಾದರೆ ನಮ್ಮ ಕೈಯಲ್ಲಿ ಇರೋದು ಏನು? ಇದೆ, ಆದರೆ ಎಷ್ಟು ಅಂತ ಸರಿಯಾಗಿ ತಿಳ್ಕೊಳ್ಳಬೇಕು. ನಮ್ಮ ದೇಶದಲ್ಲಿ ಸಾವಿರ ಹೆಂಗಸರಲ್ಲಿ ಸುಮಾರು 35 ಜನಕ್ಕೆ ಜೀವಮಾನದಲ್ಲಿ ಯಾವಾಗಲಾದರೂ ಸ್ತನ ಕ್ಯಾನ್ಸರ್ ಬರಬಹುದು ಅಂತ ಅಂದಾಜು. ಯಾವುದೋ ಅಭ್ಯಾಸದಿಂದ ಅಪಾಯ ನೂರಕ್ಕೆ ಹತ್ತು ಹೆಚ್ಚುತ್ತೆ ಅಂತ ಪೇಪರಲ್ಲಿ ಬಂದರೆ, ಆ 35 ಅನ್ನೋದು 38 ಅಥವಾ 39 ಆಯಿತು ಅಂತ ಅರ್ಥ. ಹತ್ತರಲ್ಲಿ ಒಬ್ಬರಿಗೆ ಬರುತ್ತೆ ಅಂತಲ್ಲ. ಈ ಲೆಕ್ಕ ತಲೆಯಲ್ಲಿದ್ದರೆ ವಾಟ್ಸಾಪ್ ಫಾರ್ವರ್ಡ್ ನೋಡಿ ಎದೆ ಡವಡವ ಅನ್ನೋದು ಅರ್ಧ ಕಡಿಮೆಯಾಗುತ್ತೆ.

ಮದ್ಯದಿಂದ ಶುರು ಮಾಡೋಣ, ಯಾಕಂದರೆ ಇದನ್ನು ಹೇಳೋಕೆ ಎಲ್ಲರೂ ಸಂಕೋಚ ಪಡುತ್ತಾರೆ. ದಿನಾ 10 ಗ್ರಾಂ ಆಲ್ಕೊಹಾಲ್ ಒಳಗೆ ಹೋದರೆ ಸ್ತನ ಕ್ಯಾನ್ಸರ್ ಅಪಾಯ ನೂರಕ್ಕೆ ಏಳರಿಂದ ಹತ್ತರಷ್ಟು ಹೆಚ್ಚುತ್ತೆ. 10 ಗ್ರಾಂ ಅಂದರೆ 30 ಮಿ.ಲೀ. ವಿಸ್ಕಿ, ಒಂದು ಸ್ಮಾಲ್. ಅಥವಾ ಚಿಕ್ಕ ಲೋಟ ವೈನ್. "ವೈನ್ ಹಾರ್ಟಿಗೆ ಒಳ್ಳೇದಂತೆ" ಅಂತ ಹೇಳಿಕೊಂಡು ಕುಡಿಯುವವರಿಗೆ ಹೇಳ್ತೀನಿ, ಎದೆಯ ಈ ಭಾಗಕ್ಕೆ ಖಂಡಿತ ಒಳ್ಳೇದಲ್ಲ. ಮದ್ಯ ರಕ್ತದಲ್ಲಿ ಈಸ್ಟ್ರೊಜೆನ್ ಮಟ್ಟ ಏರಿಸುತ್ತೆ, ಅದು ಒಡೆದು ಆಗುವ ಅಸಿಟಾಲ್ಡಿಹೈಡ್ ಡಿಎನ್‌ಎಗೆ ನೇರವಾಗಿ ಹಾನಿ ಮಾಡುತ್ತೆ. ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಗೆರೆ ಇದರಲ್ಲಿಲ್ಲ.

ಎರಡನೆಯದು ಮುಟ್ಟು ನಿಂತ ಮೇಲಿನ ತೂಕ. ಮುಟ್ಟು ನಿಂತರೆ ಅಂಡಾಶಯ ಈಸ್ಟ್ರೊಜೆನ್ ಮಾಡೋದನ್ನು ನಿಲ್ಲಿಸುತ್ತೆ, ಹಾಗಾಗಿ ಅಪಾಯ ಇಳಿಯಬೇಕಿತ್ತು, ಅಲ್ವಾ? ಆದರೆ ದೇಹದ ಕೊಬ್ಬಿನಲ್ಲಿ ಅರೊಮಟೇಸ್ ಅನ್ನುವ ಕಿಣ್ವ ಇದೆ, ಅದು ಬೇರೆ ಹಾರ್ಮೋನುಗಳನ್ನು ಈಸ್ಟ್ರೊಜೆನ್ ಆಗಿ ಬದಲಿಸುತ್ತೆ. ಮುಖ್ಯ ಕಾರ್ಖಾನೆ ಬಾಗಿಲು ಹಾಕಿದ ಮೇಲೆ ಮನೆಮನೆಯಲ್ಲಿ ಗೃಹ ಕೈಗಾರಿಕೆ ಶುರುವಾದ ಹಾಗೆ. ಕೊಬ್ಬು ಜಾಸ್ತಿ ಇದ್ದಷ್ಟೂ ಉತ್ಪಾದನೆ ಜಾಸ್ತಿ. ಅದಕ್ಕೇ ನಲವತ್ತೈದರಿಂದ ಐವತ್ತೈದರ ನಡುವೆ ಸೊಂಟದ ಸುತ್ತ ಸದ್ದಿಲ್ಲದೆ ಸೇರಿಕೊಳ್ಳುವ ಆ ಹತ್ತು ಕೆಜಿಗೆ ಇಷ್ಟು ಮಹತ್ವ. ಓಡಾಟ ಇಲ್ಲಿ ಎರಡು ಥರ ಕೆಲಸಕ್ಕೆ ಬರುತ್ತೆ, ತೂಕವನ್ನೂ ಹಿಡಿದಿಡುತ್ತೆ, ಇನ್ಸುಲಿನ್ ಮತ್ತು ಹಾರ್ಮೋನ್ ಮಟ್ಟವನ್ನೂ ತಗ್ಗಿಸುತ್ತೆ. ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ ಅಂತಾರೆ. ಚುರುಕು ಅಂದರೆ ಪಕ್ಕದವರ ಜೊತೆ ಮಾತಾಡೋಕೆ ಆಗಬೇಕು, ಹಾಡು ಹೇಳೋಕೆ ಆಗಬಾರದು. ಪಾರ್ಕಿನಲ್ಲಿ ಧಾರಾವಾಹಿ ಕಥೆ ಹೇಳಿಕೊಂಡು ಸುತ್ತೋದು ಬಹುಶಃ ಲೆಕ್ಕಕ್ಕೆ ಬರಲ್ಲ. ನನ್ನದೂ ಸೇರಿಸಿ ಹೇಳ್ತಿದ್ದೀನಿ.

ಎದೆಹಾಲಿನ ಬಗ್ಗೆ 2002ರಲ್ಲಿ ದೊಡ್ಡ ಲೆಕ್ಕವೊಂದು ಬಂತು. 30 ದೇಶಗಳ 47 ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದಾಗ, ಒಟ್ಟಾರೆ ಹನ್ನೆರಡು ತಿಂಗಳು ಹಾಲು ಕೊಟ್ಟರೆ ಅಪಾಯ ನೂರಕ್ಕೆ 4.3ರಷ್ಟು ಇಳಿಯುತ್ತೆ ಅಂತ ಗೊತ್ತಾಯಿತು. ಎಲ್ಲ ಮಕ್ಕಳದ್ದೂ ಸೇರಿಸಿದ ಲೆಕ್ಕ ಇದು. ಹಾಲು ಬರದೇ ಒದ್ದಾಡಿದವರು ಇದನ್ನು ಓದಿ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಸಂಖ್ಯೆ ಎಷ್ಟು ಚಿಕ್ಕದು ನೋಡಿ.

ಮುಟ್ಟು ನಿಂತ ಮೇಲಿನ ಬಿಸಿಯೇಳುವಿಕೆ, ನಿದ್ದೆ ಬರದಿರುವುದಕ್ಕೆ ಕೊಡುವ ಹಾರ್ಮೋನ್ ಮಾತ್ರೆಗಳ ಕಥೆ ಬೇರೆ. ಈಸ್ಟ್ರೊಜೆನ್, ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಥರದ ಔಷಧಿ) ಎರಡೂ ಇರುವ ಮಾತ್ರೆಯ ಮೇಲೆ ಅಮೆರಿಕದಲ್ಲಿ 16 ಸಾವಿರಕ್ಕೂ ಹೆಚ್ಚು ಹೆಂಗಸರ ದೊಡ್ಡ ಪರೀಕ್ಷೆ ನಡೀತಿತ್ತು. ಸ್ತನ ಕ್ಯಾನ್ಸರ್ ಹೆಚ್ಚುತ್ತಿದೆ ಅಂತ ಕಂಡು 2002ರಲ್ಲಿ ಅದನ್ನು ಅರ್ಧದಲ್ಲೇ ನಿಲ್ಲಿಸಿದರು. ಲಕ್ಷಾಂತರ ಜನ ಮಾತ್ರೆ ಬಿಟ್ಟರು, 2003ರಲ್ಲಿ ಅಲ್ಲಿ ಸ್ತನ ಕ್ಯಾನ್ಸರ್ ಪ್ರಮಾಣವೇ ನೂರಕ್ಕೆ ಸುಮಾರು 7ರಷ್ಟು ಇಳಿಯಿತು. ತೀರಾ ಕಷ್ಟ ಆದವರಿಗೆ ಡಾಕ್ಟರು ಈಗಲೂ ಅಳೆದು ತೂಗಿ ಕೊಡುತ್ತಾರೆ, ಅದರಲ್ಲಿ ತಪ್ಪಿಲ್ಲ. ಗೆಳತಿ ತಗೊಂಡಳು ಅಂತ ಮೆಡಿಕಲ್ ಶಾಪಿನಲ್ಲಿ ನೀವೇ ಕೇಳಿ ತಗೋಬೇಡಿ ಅಷ್ಟೇ.

ಬ್ರಾ ಬಿಗಿ ಇದ್ದರೆ, ಡಿಯೋಡರೆಂಟ್ ಹಾಕಿದರೆ, ಬ್ಲೌಸಿನಲ್ಲಿ ಮೊಬೈಲ್ ಇಟ್ಟರೆ ಬರುತ್ತೆ ಅನ್ನೋದಕ್ಕೆ ಪುರಾವೆ ಇಲ್ಲ. ಅರಿಶಿನದ ಹಾಲು ಕುಡಿದರೆ ಬರಲ್ಲ ಅನ್ನೋದಕ್ಕೂ ಇಲ್ಲ. ಕುಡಿಯಿರಿ, ರುಚಿಯಾಗಿರುತ್ತೆ.

ಇನ್ನು ಬೇಗ ಪತ್ತೆ ಮಾಡುವ ವಿಚಾರ. ತಿಂಗಳಿಗೊಮ್ಮೆ ಕನ್ನಡಿ ಮುಂದೆ ನಿಂತು, ಆಮೇಲೆ ಮಲಗಿ, ಮೂರು ಬೆರಳಲ್ಲಿ ಸುತ್ತು ಹಾಕಿ ನೋಡ್ಕೊಳ್ಳಿ ಅಂತ ಕಾಲೇಜಿನಲ್ಲಿ ನಮಗೆಲ್ಲ ಹೇಳಿಕೊಟ್ಟಿದ್ದರು. ಇದರಿಂದ ಜೀವ ಉಳಿಯುತ್ತಾ ಅಂತ ಚೀನಾದ ಶಾಂಘೈನಲ್ಲಿ ಪರೀಕ್ಷೆ ಮಾಡಿದ್ದಾರೆ. ಜವಳಿ ಕಾರ್ಖಾನೆಗಳ 2 ಲಕ್ಷ 66 ಸಾವಿರ ಹೆಂಗಸರು. ಅರ್ಧ ಜನಕ್ಕೆ ಚೆನ್ನಾಗಿ ಕಲಿಸಿ ಮತ್ತೆ ಮತ್ತೆ ನೆನಪು ಮಾಡಿದರು, ಉಳಿದವರಿಗೆ ಇಲ್ಲ. 2002ರಲ್ಲಿ ಬಂದ ಫಲಿತಾಂಶದಲ್ಲಿ ಎರಡೂ ಗುಂಪಿನಲ್ಲಿ ಸಾವು ಒಂದೇ. ಕಲಿತವರಲ್ಲಿ ಏನೂ ಅಲ್ಲದ ಗಂಟುಗಳಿಗೆ ಬಯಾಪ್ಸಿ (ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ) ಜಾಸ್ತಿ ಆಗಿದ್ದು ಮಾತ್ರ ವ್ಯತ್ಯಾಸ. ಆದ್ದರಿಂದ ತಿಂಗಳ ವ್ರತದಂತೆ ಮಾಡಲೇಬೇಕು ಅಂತ ಈಗ ಅನೇಕ ಸಂಸ್ಥೆಗಳು ಹೇಳೋದಿಲ್ಲ. ನಿಮ್ಮ ಎದೆ ಸಹಜವಾಗಿ ಹೇಗಿರುತ್ತೆ ಅನ್ನೋದು ನಿಮಗೆ ಗೊತ್ತಿರಲಿ, ಬದಲಾದರೆ ತೋರಿಸಿ ಅನ್ನುತ್ತಾರೆ.

ಬದಲಾವಣೆ ಅಂದರೆ ಬರೀ ಗಂಟಲ್ಲ. ಚರ್ಮ ಕಿತ್ತಳೆ ಸಿಪ್ಪೆಯ ಥರ ತೂತುತೂತಾಗಿ ಕಾಣೋದು, ಒಂದು ಕಡೆ ಗುಳಿ ಬೀಳೋದು, ಮೊದಲು ಹೊರಗಿದ್ದ ತೊಟ್ಟು ಒಳಗೆ ಎಳೆದುಕೊಳ್ಳೋದು, ತೊಟ್ಟಿನಿಂದ ತಾನಾಗಿ ರಕ್ತದ ಬಣ್ಣದ ನೀರು ಬರೋದು, ತೊಟ್ಟಿನ ಮೇಲೆ ವಾಸಿಯಾಗದ ಕಜ್ಜಿ, ಕಂಕುಳಲ್ಲಿ ಗಂಟು. ಇನ್ನು ನೋವು. ಮುಟ್ಟಿನ ಮುಂಚೆ ಎರಡೂ ಕಡೆ ಭಾರವಾಗಿ ನೋಯೋದು ಬಹುತೇಕ ಹಾರ್ಮೋನಿನ ಆಟ. ಕ್ಯಾನ್ಸರ್ ಗಂಟು ಶುರುವಿನಲ್ಲಿ ಸಾಮಾನ್ಯವಾಗಿ ನೋಯೋದೇ ಇಲ್ಲ. ಗಟ್ಟಿಯಾಗಿರುತ್ತೆ, ಅಂಚು ಅಂಕುಡೊಂಕಾಗಿರುತ್ತೆ, ಬೆರಳಲ್ಲಿ ತಳ್ಳಿದರೆ ಸುಲಭಕ್ಕೆ ಜಾರಲ್ಲ. ನೋವು ಬರಲಿ ಅಂತ ಕಾದರೆ ದೊಡ್ಡಮ್ಮನ ಹಾಗೆ ಏಳು ತಿಂಗಳು ಕಾಯಬೇಕಾಗುತ್ತೆ.

ನನಗೆ ತುಂಬಾ ಭರವಸೆ ಕೊಟ್ಟ ಪರೀಕ್ಷೆ ನಡೆದದ್ದು ಮುಂಬೈಯಲ್ಲಿ. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಲ್ಲಿ ಅಲ್ಲಿನ ಕೊಳೆಗೇರಿಗಳ ಸುಮಾರು ಒಂದೂವರೆ ಲಕ್ಷ ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ತರಬೇತಿ ಪಡೆದ ಮಹಿಳಾ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಎದೆ ಪರೀಕ್ಷೆ ಮಾಡಿದರು. ಮೆಷಿನ್ ಇಲ್ಲ, ಎಕ್ಸ್‌ರೇ ಇಲ್ಲ. ಇಪ್ಪತ್ತು ವರ್ಷ ಲೆಕ್ಕ ಇಟ್ಟು 2021ರಲ್ಲಿ ಪ್ರಕಟಿಸಿದರು. ಆ ಗುಂಪಿನಲ್ಲಿ ಕ್ಯಾನ್ಸರ್ ಬೇಗನೇ, ಚಿಕ್ಕದಿದ್ದಾಗಲೇ ಸಿಕ್ಕಿತ್ತು. ಐವತ್ತು ದಾಟಿದವರಲ್ಲಿ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಕಡಿಮೆ. ಐವತ್ತರ ಒಳಗಿನವರಲ್ಲಿ ಸಾವಿನ ಲೆಕ್ಕದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಅದನ್ನೂ ಮುಚ್ಚಿಡಬಾರದು.

ನಮ್ಮ ಕೇಂದ್ರ ಸರ್ಕಾರದ 2016ರ ಮಾರ್ಗಸೂಚಿಯಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇದೇ ಥರ ಕೈಪರೀಕ್ಷೆ ಆಗಬೇಕು ಅಂತಿದೆ. ಕಾಗದದಲ್ಲಿ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಜೀವನದಲ್ಲಿ ಒಂದು ಸಲವಾದರೂ ಈ ಪರೀಕ್ಷೆ ಮಾಡಿಸಿಕೊಂಡ 30-49ರ ಹೆಂಗಸರು ನೂರಕ್ಕೆ ಒಬ್ಬರೂ ಇರಲಿಲ್ಲ. ಆಶಾ ಅಕ್ಕ ಮನೆಗೆ ಬಂದು ಬಿಪಿ, ಶುಗರ್ ಅಂತ ಚೀಟಿ ಬರೆಯುವಾಗ ಇದನ್ನೂ ಕೇಳಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸಮ್ಮ ಮಾಡುತ್ತಾರೆ, ದುಡ್ಡು ಕೊಡಬೇಕಿಲ್ಲ.

ಮ್ಯಾಮೊಗ್ರಾಮ್ ಅಂದರೆ ಸ್ತನದ ಎಕ್ಸ್‌ರೇ. ದೊಡ್ಡಮ್ಮನ ಕಥೆ ಆದ ಮೇಲೆ ನಾನೂ ಮಾಡಿಸಿಕೊಂಡೆ, ಆಗ ನನಗೆ 43. ಎಸಿ ರೂಮು, ಮೇಲೆ ಏನೂ ಇಲ್ಲ, ಮೈಯೆಲ್ಲ ಮುಳ್ಳು. ಟೆಕ್ನಿಷಿಯನ್ ಹುಡುಗಿ ನನ್ನ ಎದೆಯನ್ನು ಚಪಾತಿ ಹಿಟ್ಟಿನ ಉಂಡೆ ಎತ್ತಿಡುವ ಹಾಗೆ ತಣ್ಣಗಿನ ತಟ್ಟೆ ಮೇಲೆ ಇಟ್ಟಳು, ಮೇಲಿಂದ ಇನ್ನೊಂದು ಪಾರದರ್ಶಕ ತಟ್ಟೆ ಇಳಿದು ಒತ್ತಿತು. "ಉಸಿರು ಹಿಡ್ಕೊಳ್ಳಿ ಮೇಡಂ." ಐದಾರು ಸೆಕೆಂಡು ನೋವಾಯಿತು, ಸುಳ್ಳು ಹೇಳಲ್ಲ. ಒಂದೊಂದು ಕಡೆಗೆ ಎರಡು, ಒಟ್ಟು ನಾಲ್ಕು ಚಿತ್ರ. ಅಷ್ಟು ಒತ್ತದೇ ಇದ್ದರೆ ಒಳಗಿನ ಪದರಗಳು ಒಂದರ ಮೇಲೊಂದು ಬಿದ್ದು ಚಿತ್ರ ಕಲಸಿಹೋಗುತ್ತೆ. ಅವತ್ತು ಪೌಡರ್, ಡಿಯೋಡರೆಂಟ್ ಹಾಕಬಾರದು, ಅದರ ಕಣಗಳು ಚಿತ್ರದಲ್ಲಿ ಸುಣ್ಣದ ಚುಕ್ಕೆಯ ಹಾಗೆ ಕಾಣುತ್ತವೆ. ಆ ತಿಂಗಳ ಮುಟ್ಟು ಮುಗಿದ ನಂತರದ ವಾರದಲ್ಲಿ ಹೋದರೆ ನೋವು ಕಮ್ಮಿ. ಚೂಡಿದಾರ್‌ಗಿಂತ ಸೀರೆ ಅಥವಾ ಪ್ಯಾಂಟ್-ಶರ್ಟ್ ಅನುಕೂಲ, ಮೇಲಿನದನ್ನಷ್ಟೇ ತೆಗೆದರೆ ಸಾಕಲ್ಲ. ರೇಡಿಯೇಷನ್ ಬಗ್ಗೆ ಹೆದರುವವರಿಗೆ: ಒಂದು ಸಲದ ಮ್ಯಾಮೊಗ್ರಾಮ್‌ನಲ್ಲಿ ಸಿಗುವುದು, ಸುಮ್ನೆ ಭೂಮಿ ಮೇಲೆ ಬದುಕಿದ್ದಕ್ಕೆ ಸುಮಾರು ಏಳು ವಾರದಲ್ಲಿ ಸಿಗುವಷ್ಟೇ.

ಆದರೆ ಇದು ಎಲ್ಲವನ್ನೂ ಹಿಡಿಯಲ್ಲ. ಎಕ್ಸ್‌ರೇಯಲ್ಲಿ ಕೊಬ್ಬು ಕಪ್ಪಾಗಿ ಕಾಣುತ್ತೆ, ಹಾಲಿನ ಗ್ರಂಥಿ ಬೆಳ್ಳಗೆ, ಗಡ್ಡೆಯೂ ಬೆಳ್ಳಗೆ. ಚಿಕ್ಕ ವಯಸ್ಸಿನವರಲ್ಲಿ ಗ್ರಂಥಿಯೇ ಜಾಸ್ತಿ ಇರೋದರಿಂದ ಗಡ್ಡೆ ಹುಡುಕೋದು ಮಂಜಿನಲ್ಲಿ ಬಿಳಿ ಹಸು ಹುಡುಕಿದ ಹಾಗೆ. ಅದಕ್ಕೇ ನಲವತ್ತರ ಕೆಳಗಿನವರಿಗೆ ಸಾಮಾನ್ಯವಾಗಿ ಮೊದಲು ಅಲ್ಟ್ರಾಸೌಂಡ್ ಬರೆಯುತ್ತಾರೆ. ಅಮೆರಿಕದ ತಜ್ಞರ ಸಮಿತಿ 2024ರಲ್ಲಿ 40ರಿಂದ 74ರವರೆಗೆ ಎರಡು ವರ್ಷಕ್ಕೊಮ್ಮೆ ಮಾಡಿಸಿ ಅಂದಿದೆ. ನಮ್ಮಲ್ಲಿ ಅಂಥ ಸರ್ಕಾರಿ ಕಾರ್ಯಕ್ರಮ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಕೈಯಲ್ಲಿ ದುಡ್ಡಿದ್ದು ನಲವತ್ತು ದಾಟಿದ್ದರೆ ಡಾಕ್ಟರ ಜೊತೆ ಮಾತಾಡಿ ಮಾಡಿಸಿ. ಆದರೆ ಕೈಗೆ ಗಂಟು ಸಿಗುತ್ತಿದ್ದು ಮ್ಯಾಮೊಗ್ರಾಮ್ ನಾರ್ಮಲ್ ಬಂದರೆ ಅಲ್ಲಿಗೆ ಬಿಡಬೇಡಿ.

ರಿಪೋರ್ಟಿನ ಕೆಳಗೆ ಬೈರಾಡ್ಸ್ ಅಂತ ಒಂದು ಸಂಖ್ಯೆ ಇರುತ್ತೆ, 0ಯಿಂದ 6. ನನಗೆ ಪರಿಚಯದವರೊಬ್ಬರು 0 ನೋಡಿ ದೇವಸ್ಥಾನಕ್ಕೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಿದ್ದರು. 0 ಅಂದರೆ ಏನೂ ಇಲ್ಲ ಅಂತಲ್ಲ, "ಇನ್ನೂ ಚಿತ್ರ ಬೇಕು, ತೀರ್ಮಾನ ಆಗಿಲ್ಲ" ಅಂತ. 1, 2 ಇದ್ದರೆ ನಿಶ್ಚಿಂತೆ. 3 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ ಎರಡರ ಒಳಗೆ, ಸಾಮಾನ್ಯವಾಗಿ ಆರು ತಿಂಗಳಿಗೆ ಮತ್ತೆ ನೋಡುತ್ತಾರೆ. 4, 5 ಬಂದರೆ ಬಯಾಪ್ಸಿ. 6 ಅಂದರೆ ಬಯಾಪ್ಸಿಯಲ್ಲಿ ಈಗಾಗಲೇ ಗೊತ್ತಾಗಿದೆ ಅಂತ.

"ಸೂಜಿ ಹಾಕಿಸಬೇಡಿ, ಚುಚ್ಚಿದರೆ ಹರಡುತ್ತೆ." ದೊಡ್ಡಮ್ಮನಿಗೆ ಈ ಮಾತನ್ನು ಕನಿಷ್ಠ ಆರು ಜನ ಹೇಳಿದ್ದರು. ಸೂಜಿಯಿಂದ ಹರಡಲ್ಲ. ಜಾಗ ಮರಗಟ್ಟಿಸಿ, ಸ್ವಲ್ಪ ದಪ್ಪ ಸೂಜಿಯಿಂದ ಶಾವಿಗೆ ಎಳೆಯಂಥ ತುಣುಕುಗಳನ್ನು ತೆಗೆಯುತ್ತಾರೆ, ಸ್ಟೇಪ್ಲರ್ ಹೊಡೆದ ಹಾಗೆ ಟಕ್ ಅಂತ ಸದ್ದು ಬರುತ್ತೆ. ಆ ತುಣುಕು ಕ್ಯಾನ್ಸರ್ ಹೌದೋ ಅಲ್ಲವೋ ಅಂತ ಮಾತ್ರ ಹೇಳೋದಿಲ್ಲ. ಹಾರ್ಮೋನಿಗೆ ಸ್ಪಂದಿಸುವ ಗಡ್ಡೆಯೋ, ಗಡ್ಡೆ ಬೇಗ ಬೆಳೆಯುವಂತೆ ಮಾಡುವ ಹರ್-2 ಅನ್ನುವ ಪ್ರೋಟೀನ್ ಜಾಸ್ತಿ ಇದೆಯೋ, ಯಾವುದೂ ಇಲ್ಲವೋ ಅನ್ನೋದನ್ನೂ ಹೇಳುತ್ತೆ. ಔಷಧಿ ಯಾವುದು ಅಂತ ತೀರ್ಮಾನ ಆಗೋದೇ ಅದರ ಮೇಲೆ. ನಿಜಕ್ಕೂ ಹೆದರಬೇಕಾದದ್ದು ಇನ್ನೊಂದಕ್ಕೆ: ಬಯಾಪ್ಸಿಯೇ ಮಾಡದೆ, "ಸಣ್ಣ ಗಡ್ಡೆ, ತೆಗೆದುಬಿಡೋಣ" ಅಂತ ಎಲ್ಲೋ ಒಂದು ಕಡೆ ಗಂಟು ಕಿತ್ತು ಹೊಲಿಗೆ ಹಾಕಿ ಕಳಿಸಿಬಿಡೋದು. ಆಮೇಲೆ ಅದು ಕ್ಯಾನ್ಸರ್ ಅಂತ ಗೊತ್ತಾದರೆ ಎಷ್ಟು ಉಳಿದಿದೆ, ಎಲ್ಲಿ ಉಳಿದಿದೆ ಅಂತ ಯಾರಿಗೂ ಗೊತ್ತಿರಲ್ಲ. ತೆಗೆದ ಯಾವ ಗಂಟೂ ಲ್ಯಾಬ್‌ಗೆ ಹೋಗದೆ ಕಸದ ಬುಟ್ಟಿಗೆ ಹೋಗಬಾರದು. ಜಗಳ ಆಡಿಯಾದರೂ ರಿಪೋರ್ಟ್ ಕೇಳಿ ಇಟ್ಕೊಳ್ಳಿ.

ಇಡೀ ಸ್ತನ ತೆಗೆಯುತ್ತಾರೆ ಅನ್ನೋ ಭಯಕ್ಕೇ ಎಷ್ಟೋ ಜನ ಹೋಗಲ್ಲ. ಚಿಕ್ಕದಿದ್ದಾಗ ಸಿಕ್ಕರೆ ಗಡ್ಡೆಯಷ್ಟೇ ತೆಗೆದು ರೇಡಿಯೇಷನ್ ಕೊಟ್ಟರೆ, ಪೂರ್ತಿ ತೆಗೆದವರಷ್ಟೇ ವರ್ಷ ಬದುಕುತ್ತಾರೆ. ಅಮೆರಿಕದ ಬರ್ನಾರ್ಡ್ ಫಿಶರ್, ಇಟಲಿಯ ಉಂಬರ್ಟೊ ವೆರೊನೇಸಿ ಅನ್ನುವ ಸರ್ಜನ್‌ಗಳಿಬ್ಬರೂ ಬೇರೆ ಬೇರೆಯಾಗಿ ಇಪ್ಪತ್ತು ವರ್ಷ ಲೆಕ್ಕ ಇಟ್ಟು 2002ರಲ್ಲಿ ತೋರಿಸಿದ ವಿಷಯ ಇದು.

ಮನೆತನದ ವಿಚಾರ ಸ್ವಲ್ಪದರಲ್ಲಿ ಹೇಳ್ತೀನಿ. ನೂರರಲ್ಲಿ ಐದರಿಂದ ಹತ್ತು ಕೇಸು ಮಾತ್ರ ವಂಶದಿಂದ ಬರುವ ಜೀನ್ ದೋಷದ್ದು, ಬಿಆರ್‌ಸಿಎ-1 ಮತ್ತು 2 ಅನ್ನುವ ಜೀನ್‌ಗಳು ಅದರಲ್ಲಿ ಮುಖ್ಯ. ಅಮ್ಮನ ಕಡೆಯಷ್ಟೇ ಅಲ್ಲ, ಅಪ್ಪನ ಕಡೆ ಅತ್ತೆ, ಅಜ್ಜಿಯರದ್ದೂ ಲೆಕ್ಕಕ್ಕೆ ಬರುತ್ತೆ. ಮನೆಯಲ್ಲಿ ಐವತ್ತರೊಳಗೆ ಯಾರಿಗಾದರೂ ಬಂದಿದ್ದರೆ, ಅಂಡಾಶಯದ ಕ್ಯಾನ್ಸರ್ ಇದ್ದರೆ, ಅಥವಾ ಗಂಡಸಿಗೆ ಸ್ತನ ಕ್ಯಾನ್ಸರ್ ಬಂದಿದ್ದರೆ (ಹೌದು, ಗಂಡಸರಿಗೂ ಬರುತ್ತೆ, ಒಟ್ಟು ಕೇಸುಗಳಲ್ಲಿ ನೂರಕ್ಕೆ ಒಂದರಷ್ಟು) ಡಾಕ್ಟರಿಗೆ ಹೇಳಿ. ನಿಮಗೆ ಪರೀಕ್ಷೆ ಶುರುವಾಗುವ ವಯಸ್ಸೇ ಬೇರೆ ಆಗುತ್ತೆ.

ದುಡ್ಡಿನ ಬಗ್ಗೆ. ಬೆಂಗಳೂರಿನ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ ಕಿದ್ವಾಯಿ 1973ರಿಂದ ಇದೇ ಕೆಲಸ ಮಾಡುತ್ತಿದೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ, ಎಪಿಎಲ್‌ನವರಿಗೂ ಒಂದು ಪಾಲು ಸಿಗುತ್ತೆ. ಆಧಾರ್, ರೇಷನ್ ಕಾರ್ಡಿನ ನಾಲ್ಕೈದು ಜೆರಾಕ್ಸ್ ಮೊದಲೇ ಮಾಡಿಸಿ ಇಟ್ಕೊಂಡಿರಿ. ದೊಡ್ಡಮ್ಮನ ಮಗ ಜೆರಾಕ್ಸ್ ಅಂಗಡಿ ಹುಡುಕಿಕೊಂಡು ಹೋಗಿ ಬರುವಷ್ಟರಲ್ಲಿ ಟೋಕನ್ ಎರಡು ಸಲ ಹೋಯಿತು.

ಎದೆಯಲ್ಲಿ ಸಿಗುವ ಹತ್ತು ಗಂಟುಗಳಲ್ಲಿ ಎಂಟೊಂಬತ್ತು ಕ್ಯಾನ್ಸರ್ ಅಲ್ಲವೇ ಅಲ್ಲ, ನೀರಿನ ಚೀಲವೋ, ಫೈಬ್ರೋಅಡಿನೋಮ ಅನ್ನುವ ಜಾರಾಡುವ ಗಂಟೋ ಆಗಿರುತ್ತೆ. ಕಳೆದ ವರ್ಷ ದೊಡ್ಡಮ್ಮನ ಪಕ್ಕದ ಮನೆಯ ಸೊಸೆ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಾ, ಎದೆಯಲ್ಲಿ ಗೋಲಿಯಷ್ಟು ಏನೋ ಸಿಗುತ್ತೆ ಅಂತ ಮೆಲ್ಲಗೆ ಹೇಳಿದಳು. ಇಪ್ಪತ್ತಾರು ವರ್ಷದ ಹುಡುಗಿ. ದೊಡ್ಡಮ್ಮ ಮಾರನೇ ದಿನವೇ ಅವಳನ್ನು ಬಸ್ ಹತ್ತಿಸಿಕೊಂಡು ಹಾಸನಕ್ಕೆ ಹೋದರು. ಸ್ಕ್ಯಾನ್ ಆಯಿತು, ಸೂಜಿ ಆಯಿತು, ವಾರದಲ್ಲಿ ರಿಪೋರ್ಟ್ ಬಂತು. ಫೈಬ್ರೋಅಡಿನೋಮ. ಸುಮ್ನೆ ನಾಲ್ಕು ಸಾವಿರ ಖರ್ಚು ಮಾಡಿಸಿದರು ಅಂತ ಆ ಹುಡುಗಿಯ ಅತ್ತೆಗೆ ದೊಡ್ಡಮ್ಮನ ಮೇಲೆ ಇವತ್ತಿಗೂ ಸಿಟ್ಟು.